ಎಂಟು ಗಂಟೆಗೆ ಮುಗಿಯಬೇಕಿದ್ದ ಚಳಿಗಾಲ

1974ರ ಡಿಸೆಂಬರ್. ಈಶಾನ್ಯ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ನೆಲ ಹೆಪ್ಪುಗಟ್ಟಿತ್ತು. ಬಿಲದಲ್ಲಿ ಮುದುಡಿ ಮಲಗಿರಬೇಕಾದ ಹಾವುಗಳು ಹೊರಬಂದು ಚಳಿಗೆ ಸೆಟೆದು ಸತ್ತವು. ಕೆಲವು ಬಾವಿಗಳ ನೀರು ಏರಿಳಿಯಿತು, ಬಗ್ಗಡವಾಯಿತು. ಇಂಥದ್ದನ್ನೆಲ್ಲ ಬರೆದಿಡುವ ಜನ ಅಲ್ಲಿದ್ದರು. 1966ರ ಶಿಂಗ್‌ಟಾಯ್ ಭೂಕಂಪದ ನಂತರ ಪ್ರಧಾನಿ ಝೌ ಎನ್‌ಲಾಯ್ ಮುನ್ಸೂಚನೆಯ ಕೆಲಸಕ್ಕೆ ಒತ್ತು ಕೊಟ್ಟಿದ್ದರು. ಬಾವಿಯ ನೀರು, ದನಕರುಗಳ ವರ್ತನೆ ಗಮನಿಸುವ ಕೆಲಸಕ್ಕೆ ಹಳ್ಳಿಗರೂ ಕೈಹಾಕಿದ್ದರು. ಅದೇ ಡಿಸೆಂಬರ್‌ನಲ್ಲಿ ಸಣ್ಣ ಕಂಪನಗಳಾಗಿ ಎಚ್ಚರಿಕೆ ಹೊರಟಿತು. ದೊಡ್ಡದೇನೂ ಬರಲಿಲ್ಲ.

ಯಿಂಗ್‌ಕೌ ಜಿಲ್ಲೆಯ ಭೂಕಂಪ ಕಚೇರಿಯ ಮುಖ್ಯಸ್ಥ ತ್ಸಾವೊ ಶಿಯಾನ್‌ಚಿಂಗ್ ಮಾತ್ರ ಪಟ್ಟು ಬಿಡಲಿಲ್ಲ. 1975ರ ಫೆಬ್ರವರಿ ಮೊದಲ ದಿನಗಳಲ್ಲಿ ನೆಲ ಮತ್ತೆ ಮತ್ತೆ ಅದುರತೊಡಗಿತು. 4ರ ಬೆಳಗಿನ ಹೊತ್ತಿಗೆ ಕಂಪನಗಳ ಲೆಕ್ಕ ನೂರುಗಳಲ್ಲಿತ್ತು. ಬೆಳಿಗ್ಗೆಯೇ ಸಭೆ ಸೇರಿದ ಅಧಿಕಾರಿಗಳಿಗೆ, ದೊಡ್ಡ ಭೂಕಂಪ ಇವತ್ತೇ ಆಗಬಹುದು ಎಂದರು ತ್ಸಾವೊ. ಜಿಲ್ಲಾಡಳಿತ ಜನರನ್ನು ಮನೆಯಿಂದ ಹೊರಡಿಸಿತು. ಚೀನೀ ಹೊಸ ವರ್ಷಕ್ಕೆ ಒಂದೇ ವಾರ. ಹೊರಗೆ ಮೂಳೆ ಕೊರೆಯುವ ಚಳಿ. ಜನರನ್ನು ಮನೆಯಾಚೆ ಹಿಡಿದಿಡಲು ಕೆಲವೆಡೆ ಬಯಲಲ್ಲಿ ಸಿನಿಮಾ ಹಾಕಿದರು.

ಸಂಜೆ 7.36ಕ್ಕೆ 7.3 ತೀವ್ರತೆಯ ಕಂಪನ ಅದೇ ಪ್ರಾಂತ್ಯದ ಹೈಚೆಂಗ್ ಸುತ್ತಮುತ್ತಲಿನ ಮನೆಗಳನ್ನು ನೆಲಕ್ಕೆ ಕೆಡವಿತು.

ಭೂಕಂಪ ರಾತ್ರಿ ಎಂಟರೊಳಗೆ ಆಗುತ್ತದೆ ಎಂದೂ ತ್ಸಾವೊ ಹೇಳಿದ್ದರು. ಆ ಗಡುವು ಅವರಿಗೆ ಸಿಕ್ಕಿದ್ದು ಎಲ್ಲಿಂದ? ಶರತ್ಕಾಲದಲ್ಲಿ ಮಳೆ ಜೋರಾದರೆ ಚಳಿಗಾಲದಲ್ಲಿ ಭೂಮಿ ನಡುಗುವುದು ಖಚಿತ ಎಂದು ಅವರು ಪುಸ್ತಕವೊಂದರಲ್ಲಿ ಓದಿದ್ದರು. ಹಿಂದಿನ ಶರತ್ಕಾಲದಲ್ಲಿ ಮಳೆ ಜೋರಾಗಿತ್ತು. ಪಂಚಾಂಗದ ಪ್ರಕಾರ ಚಳಿಗಾಲ ಮುಗಿಯುವುದು 4ರ ರಾತ್ರಿ ಎಂಟಕ್ಕೆ! ತರ್ಕ ಬುಡವಿಲ್ಲದ್ದು, ಆದರೂ ಸಾವಿರಾರು ಜನ ಬದುಕಿಕೊಂಡರು. ಹೆಸರು ಬಂದದ್ದು ಹಾವುಗಳಿಗೆ. ನಿಜವಾಗಿ ಜನರನ್ನು ಎಬ್ಬಿಸಿದ್ದು ಮುಂಗಂಪನಗಳು.

ಹಾಗೆಂದು ಎಲ್ಲರೂ ಪಾರಾಗಲಿಲ್ಲ. ತೆರವು ಎಲ್ಲೆಡೆ ಒಂದೇ ಸಮ ನಡೆದಿರಲಿಲ್ಲ. ಸತ್ತವರು ಸುಮಾರು 2,000. ಅವರಲ್ಲಿ ನೂರಾರು ಮಂದಿ ಗೋಡೆ ಬಿದ್ದು ಸತ್ತವರಲ್ಲ. ತಾತ್ಕಾಲಿಕ ಗುಡಿಸಲುಗಳಲ್ಲಿ ಚಳಿಗೆ ಸಿಕ್ಕಿಯೋ ಬೆಂಕಿಗೆ ಸಿಕ್ಕಿಯೋ ಪ್ರಾಣ ಬಿಟ್ಟವರು.

ಭೂಕಂಪವನ್ನು ಮೊದಲೇ ಹೇಳಬಹುದೆಂದು ಚೀನಾ ಜಗತ್ತಿಗೆ ಸಾರಿತು. ಒಂದೂವರೆ ವರ್ಷದಲ್ಲಿ, 1976ರ ಜುಲೈ 28ರ ನಸುಕಿನ 3.42ಕ್ಕೆ, ತಾಂಗ್‌ಶಾನ್ ನಗರ ನಿದ್ದೆಯಲ್ಲಿದ್ದಾಗಲೇ ಕುಸಿಯಿತು. ಅಲ್ಲಿ ಜನರನ್ನು ಬೀದಿಗಿಳಿಸುವಂಥ ಮುಂಗಂಪನ ಒಂದೂ ಆಗಿರಲಿಲ್ಲ. ಸರ್ಕಾರಿ ಲೆಕ್ಕದಲ್ಲೇ 2,40,000ಕ್ಕೂ ಹೆಚ್ಚು ಜನ ಸತ್ತರು.