ಅಚ್ಚಿನ ಮೊಳೆಯ ಜಗಳ

ತಾವು ದಿನವೂ ಓದುವ ಪತ್ರಿಕೆ ಒಂದು ಮುಂಜಾನೆ ತನ್ನ ಅಕ್ಷರದ ಅಚ್ಚನ್ನು ಬದಲಿಸಿದರೆ ತಮಗೆ ಕಸಿವಿಸಿಯಾಗದೆ ಇದ್ದೀತೆ? ಸುದ್ದಿ ಅದೇ, ಭಾಷೆ ಅದೇ. ಆದರೂ ಮನೆಗೆ ಯಾರೋ ಅಪರಿಚಿತರು ಬಂದಂತೆ. ಜರ್ಮನಿಯಲ್ಲಿ ಈ ಕಸಿವಿಸಿ ಸಂಸತ್ತಿನ ಮೆಟ್ಟಿಲನ್ನೇ ಏರಿತು.

ಅಲ್ಲಿ ಎರಡು ಬಗೆಯ ಮೊಳೆಗಳಿದ್ದವು. ಲ್ಯಾಟಿನ್ ಗ್ರಂಥಗಳಿಗೆ ದುಂಡಗಿನ ರೋಮನ್ ಮೊಳೆ. ಜರ್ಮನ್ ಭಾಷೆಗೆ ಕೋನಕೋನವಾಗಿ ಮುರಿದಂತೆ ತೋರುವ ಮೊಳೆ. 'ಫ್ರಾಕ್ಟೂರ್' ಎಂಬ ಹೆಸರಿಗೇ ಮುರಿದದ್ದೆಂದು ಅರ್ಥ. ಲೂಥರನ ಬೈಬಲನ್ನೂ ಮಕ್ಕಳ ಕಥೆಗಳನ್ನೂ ಆ ಅಕ್ಷರಗಳಲ್ಲೇ ಓದಿ ಬೆಳೆದವರಿಗೆ ಅದು ಮನೆಮಾತಿನ ಮುಖವೇ ಆಗಿತ್ತು. ರೋಮನ್ ಮೊಳೆಯಲ್ಲಿ ಅಚ್ಚಾದ ಜರ್ಮನ್ ಪುಸ್ತಕವನ್ನು ಬಿಸ್ಮಾರ್ಕ್ ಓದುತ್ತಿರಲಿಲ್ಲವಂತೆ. ರೋಮನ್ ಪಕ್ಷದವರ ಮನವಿ 1911ರಲ್ಲಿ ಸಂಸತ್ತಿನಲ್ಲಿ ಸೋತಿತು.

ಮುರಿದ ಮೊಳೆಗೆ ಕೊನೆಗೆ ಏಟು ಕೊಟ್ಟವರು ಯಾರೆಂದು ಊಹಿಸಿ ನೋಡೋಣ. ನಾಜಿಗಳು! ಮೊದಲು ಅದನ್ನು ಮೆರೆಸಿದ್ದವರೇ 1941ರ ಜನವರಿ 3ರಂದು, ಅದು ಯಹೂದಿಗಳ ಅಕ್ಷರವೆಂಬ ಹಸಿ ಸುಳ್ಳನ್ನು ಮುಂದುಮಾಡಿ, ಕೈಬಿಡುವಂತೆ ಆಜ್ಞೆ ಹೊರಡಿಸಿದರು. ಆಕ್ರಮಿಸಿದ ನಾಡುಗಳ ಜನಕ್ಕೆ ಅದನ್ನು ಓದಲು ತೊಡಕಾಗುತ್ತಿದ್ದುದೇ ನಿಜವಾದ ಕಾರಣವಿದ್ದೀತು. ಆ ಆಜ್ಞಾಪತ್ರದ ತಲೆಬರಹ ಮಾತ್ರ ಅದೇ ಮುರಿದ ಮೊಳೆಯಲ್ಲಿ ಅಚ್ಚಾಗಿತ್ತು. ಇಂದು ಆ ಅಕ್ಷರ ಕಂಡೊಡನೆ ನಾಜಿಗಳನ್ನೇ ನೆನೆದು ಮುಖ ಸಿಂಡರಿಸುವವರು ಎಷ್ಟೋ ಮಂದಿ.