ಕಡುಬಣ್ಣದ ವಾಹನಗಳ ಪಾಲಿಶ್ ದೋಷಗಳು ಮತ್ತು ಅವುಗಳ ನಿವಾರಣೆ

ಕಡುಬಣ್ಣದ ವಾಹನಗಳ ಪಾಲಿಶ್ ದೋಷಗಳು ಎಂದರೆ ಕಪ್ಪು, ಕಡುನೀಲಿ, ಕಡುಗೆಂಪು, ಕಡುಹಸಿರು ಮುಂತಾದ ಬಣ್ಣದ ವಾಹನಗಳಿಗೆ ಹೊಳಪು ಕೊಡುವಾಗ ಮೇಲ್ಮೈಯಲ್ಲಿ ಉಂಟಾಗುವ ಸುಳಿಗೀರು, ಮಬ್ಬು, ಯಂತ್ರದ ಜಾಡು, ಸುಟ್ಟ ಕಲೆ ಮೊದಲಾದವು. ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು. ಆದರೆ ಪ್ರತಿಯೊಂದು ದುರಸ್ತಿಯೂ ಬಣ್ಣವನ್ನು ಕಾಯುವ ಪಾರದರ್ಶಕ ಪದರವನ್ನು ಒಂದಿಷ್ಟು ಸವೆಸಿಯೇ ನಡೆಯುತ್ತದೆ. ಸವೆದ ಪದರ ಮರಳಿ ಬರುವುದಿಲ್ಲವಾದ್ದರಿಂದ, ದೋಷ ಯಾವ ಬಗೆಯದು ಮತ್ತು ಅದಕ್ಕಾಗಿ ಎಷ್ಟು ಪದರವನ್ನು ಕಳೆದುಕೊಳ್ಳಬಹುದು ಎಂಬ ನಿರ್ಧಾರವೇ ಈ ಕೆಲಸದ ಮುಖ್ಯ ಭಾಗವಾಗಿದೆ.

ಬಣ್ಣದ ಪದರಗಳು

ಇಂದಿನ ಕಾರುಗಳ ಲೋಹದ ಮೈಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ನಂತರ ಬಣ್ಣದ ಪದರ, ಕೊನೆಗೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರ ಇರುತ್ತವೆ. ಕಾರ್ಖಾನೆಯಲ್ಲಿ ಹಚ್ಚಿದ ಎಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲಿನ ಒಂದು ಎಳೆ ಇದಕ್ಕಿಂತ ದಪ್ಪವಾಗಿರುವುದುಂಟು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳು ಈ ಪದರದಲ್ಲಿಯೇ ಇರುತ್ತವೆ. ಪಾಲಿಶ್ ಮಾಡಿದಾಗ ಸವೆಯುವುದೂ ಇದೇ. ಅತಿಯಾಗಿ ತೆಳುವಾದ ಕ್ಲಿಯರ್ ಕೋಟ್ ಆ ದಿನ ಚೆನ್ನಾಗಿಯೇ ಹೊಳೆಯುತ್ತದೆ. ಕೆಲವು ವರ್ಷಗಳ ಬಿಸಿಲಿನ ನಂತರ ಬೆಳ್ಳಗಾಗಿ ಸಿಪ್ಪೆಯಂತೆ ಏಳುತ್ತದೆ. ಆ ಹೊತ್ತಿಗೆ ಕಾರಣವನ್ನು ಯಾರೂ ಹಿಂದಿನ ಪಾಲಿಶ್‌ಗೆ ಜೋಡಿಸುವುದಿಲ್ಲ.

ಅಂಬಾಸಿಡರ್‌ನಂತಹ ಹಳೆಯ ಕಾರುಗಳಲ್ಲಿ ಬಣ್ಣವೂ ಹೊಳಪೂ ಒಂದೇ ಪದರದಲ್ಲಿದ್ದವು. ಅವುಗಳನ್ನು ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಹತ್ತುವುದು ಸಹಜ. ಇಂದಿನ ಕಾರಿನಲ್ಲಿ ಹಾಗಾದರೆ ಕ್ಲಿಯರ್ ಕೋಟ್ ಪೂರ್ತಿ ಹೋಗಿದೆ ಎಂದರ್ಥ, ಕೆಲಸವನ್ನು ಅಲ್ಲಿಯೇ ನಿಲ್ಲಿಸಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ಹೊಸದಾಗಿಸುವವರು ಟ್ಯಾಂಕಿನ ಮೇಲಿನ ಗೆರೆ, ಅಕ್ಷರಗಳ ಬಳಿ ಯಂತ್ರವನ್ನು ಒಯ್ಯದೆ ಕೈಯಿಂದಲೇ ಉಜ್ಜುವುದು ಕ್ಷೇಮ.

ಕಡುಬಣ್ಣದಲ್ಲಿ ದೋಷ ಎದ್ದು ಕಾಣಲು ಕಾರಣ

ಬಿಳಿಯ ಕಾರಿನಲ್ಲಿಯೂ ಇಷ್ಟೇ ಗೀರುಗಳಿರುತ್ತವೆ. ಆದರೆ ಬಿಳಿಯ ಬಣ್ಣದ ಕಣಗಳು ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಗೀರಿನಿಂದ ಚದುರಿದ ಅಲ್ಪ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಒಳಹೊಕ್ಕ ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಬರುವುದು ಮೇಲ್ಮೈ ಕನ್ನಡಿಯಂತೆ ಹಿಂದಿರುಗಿಸುವ ಬೆಳಕು ಮಾತ್ರ. ನೇರವಾಗಿ ನೋಡುವಾಗ ಅದು ಬಿದ್ದ ಬೆಳಕಿನ ಸುಮಾರು 4 ಶೇಕಡ. ಅಂತಹ ಕತ್ತಲ ಹಿನ್ನೆಲೆಯಲ್ಲಿ ಒಂದು ಮೈಕ್ರಾನ್ ಆಳದ ಗೀರು ಕೂಡ ಬೆಳ್ಳಿಯ ಎಳೆಯಂತೆ ಮಿನುಗುತ್ತದೆ.

ಸುಳಿಗೀರುಗಳು ವೃತ್ತಾಕಾರದಲ್ಲಿ ಕಾಣುವುದರಿಂದ, ವೃತ್ತಾಕಾರವಾಗಿ ಉಜ್ಜಿದ್ದೇ ಅದಕ್ಕೆ ಕಾರಣವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಪೂರ್ಣ ಸತ್ಯವಲ್ಲ. ಗೀರುಗಳು ಎಲ್ಲ ದಿಕ್ಕಿನಲ್ಲೂ ಇರುತ್ತವೆ. ದೀಪದ ಪ್ರತಿಬಿಂಬದ ಸುತ್ತ, ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ಜೇಡರಬಲೆಯ ಚಿತ್ರ ಮೂಡುತ್ತದೆ. ಹಲವು ವರ್ಷ ತಿಕ್ಕಿದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ಓರೆ ಮಾಡಿದರೆ ಸುಳಿಗಳೂ ಬೆಳಕಿನೊಂದಿಗೆ ಸರಿಯುವುದನ್ನು ಯಾರಾದರೂ ಕಾಣಬಹುದು. ಗೀರು ನೇರವಾಗಿ ಉಜ್ಜಿದರೂ ಬೀಳುತ್ತದೆ. ಅದಕ್ಕೆ ಕಾರಣ ಬಟ್ಟೆಯಲ್ಲಿರುವ ಮಣ್ಣಿನ ಕಣ, ಕೈಯ ದಿಕ್ಕಲ್ಲ.

ಪಶ್ಚಿಮ ಬೆಂಗಳೂರಿನ ಸನ್ನಿವೇಶ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಅನೇಕ ಕಾರುಗಳು ರಸ್ತೆಬದಿಯ ಮರಗಳ ಕೆಳಗೆ ನಿಲ್ಲುತ್ತವೆ. ಮರದಿಂದ ತೊಟ್ಟಿಕ್ಕುವ ಅಂಟು, ಹಕ್ಕಿಯ ಹಿಕ್ಕೆ, ಮೈಸೂರು ರಸ್ತೆ ಹಾಗೂ ಕೆಂಗೇರಿ ಕಡೆಯ ದೂಳು, ನಿರಂತರ ಕಟ್ಟಡ ಕಾಮಗಾರಿಯ ಸಿಮೆಂಟು ಇವೆಲ್ಲ ಬಾನೆಟ್ಟಿನ ಮೇಲೆ ಕೂರುತ್ತವೆ. ಬೆಳಗಿನ ಹೊತ್ತು ಅರ್ಧ ಬಕೆಟ್ ನೀರಿನಲ್ಲಿ ಒಂದೇ ಬಟ್ಟೆ ಅದ್ದಿ ಸಾಲಾಗಿ ಹಲವು ಕಾರುಗಳನ್ನು ಒರೆಸುವ ಪದ್ಧತಿ ಇಲ್ಲಿ ಸಾಮಾನ್ಯ. ಎರಡನೆಯ ಕಾರಿನ ಹೊತ್ತಿಗೆ ಆ ಬಟ್ಟೆ ಉಪ್ಪುಕಾಗದಕ್ಕೆ ಸಮನಾಗಿರುತ್ತದೆ. ಒರೆಸುವವರನ್ನು ದೂರಿ ಪ್ರಯೋಜನವಿಲ್ಲ. ತಿಂಗಳಿಗೆ ಕೊಡುವ ಹಣದಲ್ಲಿ ಪ್ರತಿ ಕಾರಿಗೂ ಬೇರೆ ನೀರು, ಬೇರೆ ಬಟ್ಟೆ ನಿರೀಕ್ಷಿಸಲಾಗದು. ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹನಿ ಒಣಗಿದ ಕಡೆ ಬಿಳಿಯ ಉಂಗುರವಾಗಿ ಉಳಿಯುತ್ತವೆ. ಇವನ್ನು ಗೀರೆಂದು ಭಾವಿಸಿ ಯಂತ್ರ ಹಿಡಿಯುವ ಮೊದಲು ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು ತೊಳೆದು ನೋಡಬೇಕು. ಹೊಸ ಕಲೆಗಳು ಅಷ್ಟಕ್ಕೇ ಹೋಗುತ್ತವೆ.

ಆಯುಧಪೂಜೆಯ ಸಮಯದಲ್ಲಿ ವಾಟರ್ ಸರ್ವಿಸ್ ಮತ್ತು ಪಾಲಿಶ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಅವಸರದ ಪಾಲಿಶ್‌ನ ಬೆನ್ನಿಗೇ ವಿಭೂತಿ, ಅರಿಶಿನ, ಕುಂಕುಮ ಬಾನೆಟ್ಟನ್ನು ಏರುತ್ತವೆ. ಅವು ಒಣಗಿದ ಮೇಲೆ ಒಣಬಟ್ಟೆಯಿಂದ ತಿಕ್ಕಿ ತೆಗೆಯುವುದು ಕಪ್ಪು ಕಾರಿನಲ್ಲಿ ಗೀರಿನ ತೇಪೆಯನ್ನೇ ಬಿಡುತ್ತದೆ. ಧಾರಾಳವಾಗಿ ನೀರು ಹಾಕಿ, ನೆನೆಸಿ, ಶಾಂಪೂವಿನಿಂದ ಜಾರಿಸಬೇಕು.

ದೋಷಗಳ ಬಗೆ

ಪಾಲಿಶ್ ಯಂತ್ರಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ರೋಟರಿ ಯಂತ್ರದ ತಟ್ಟೆ ಒಂದೇ ಅಕ್ಷದ ಸುತ್ತ ತಿರುಗುತ್ತದೆ. ಬೇಗ ಕೊರೆಯುತ್ತದೆ, ಬೇಗ ಬಿಸಿಯಾಗುತ್ತದೆ. ಡ್ಯುಯಲ್ ಆಕ್ಷನ್ ಯಂತ್ರದ ತಟ್ಟೆ ತಿರುಗುವುದರೊಂದಿಗೆ ಅತ್ತಿತ್ತ ಓಲಾಡುತ್ತದೆ; ನಿಧಾನ, ಆದರೆ ಅಪಾಯ ಕಡಿಮೆ.

ಉಣ್ಣೆಯ ಪ್ಯಾಡ್ ಮತ್ತು ದಪ್ಪ ಕಾಂಪೌಂಡಿನೊಂದಿಗೆ ರೋಟರಿ ಓಡಿಸಿ ಅಲ್ಲಿಗೇ ಬಿಟ್ಟರೆ ಯಂತ್ರ ಸಾಗಿದ ದಾರಿಯುದ್ದಕ್ಕೂ ಹೊಗೆಯಂತಹ ಜಾಡು ಉಳಿಯುತ್ತದೆ. ಬಿಸಿಲಿನಲ್ಲಿ ನಡೆದಾಡುವಾಗ ಇದು ಆಳವಿದ್ದಂತೆ ಭ್ರಮೆ ಹುಟ್ಟಿಸಿ ಚಲಿಸುವುದರಿಂದ ಇದಕ್ಕೆ ಹೋಲೋಗ್ರಾಮ್ ಎಂಬ ಹೆಸರಿದೆ. ಡ್ಯುಯಲ್ ಆಕ್ಷನ್ ಯಂತ್ರದಿಂದ ಬರುವುದು ಸಮನಾಗಿ ಹರಡಿದ ತೆಳು ಮಬ್ಬು. ಮೃದುವಾದ ಬಣ್ಣದ ಮೇಲೆ ಗಟ್ಟಿ ಪ್ಯಾಡ್ ಬಳಸಿದಾಗ ಇದು ಕಾಣಿಸಿಕೊಳ್ಳುತ್ತದೆ. ವಾಟರ್ ಪೇಪರಿನಿಂದ ಉಜ್ಜಿದ ಗುರುತು ಪೂರ್ತಿ ಹೋಗದೆ ಉಳಿದರೆ ನೇರ ಗೆರೆಗಳು ಅಥವಾ ಸಣ್ಣ ಸುರುಳಿಗಳು ಕಾಣುತ್ತವೆ. ಅಂಚುಗಳಲ್ಲಿ, ಬಾನೆಟ್ಟಿನ ಮಡಿಕೆಗಳಲ್ಲಿ ಪದರ ತೆಳುವಾಗಿರುವುದರಿಂದ ಸುಟ್ಟ ಕಲೆ ಮೊದಲು ಬೀಳುವುದು ಅಲ್ಲಿ. ಪ್ಲಾಸ್ಟಿಕ್ ಬಂಪರ್ ಶಾಖವನ್ನು ಲೋಹದಂತೆ ಹರಡದಿರುವುದರಿಂದ ಅಲ್ಲಿಯೂ ಅದೇ ಭಯ.

ಇನ್ನೊಂದು ದೋಷ ಪಾಲಿಶ್ ಮುಗಿದ ದಿನ ಕಾಣುವುದೇ ಇಲ್ಲ. ಅನೇಕ ಪಾಲಿಶ್‌ಗಳಲ್ಲಿ ಎಣ್ಣೆ ಮತ್ತು ಗೀರು ತುಂಬುವ ವಸ್ತುಗಳಿರುತ್ತವೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕಾರು ಕನ್ನಡಿಯಂತೆ ಕಂಡು, ಎರಡು ಬಾರಿ ತೊಳೆಯುವಷ್ಟರಲ್ಲಿ ಹಳೆಯ ಗೀರುಗಳೆಲ್ಲ ಮರಳುತ್ತವೆ. ಆದ್ದರಿಂದ ಹಣ ಕೊಡುವ ಮೊದಲು ಒಂದು ಭಾಗವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಿಸಿಲಿನಲ್ಲಿ ಅಥವಾ ಮೊಬೈಲಿನ ಟಾರ್ಚಿನಲ್ಲಿ ನೋಡುವುದು ಗ್ರಾಹಕನ ಹಕ್ಕು. ಇದಕ್ಕೆ ಒಪ್ಪದ ಅಂಗಡಿಯ ಕೆಲಸವನ್ನು ಸಂಶಯಿಸುವುದರಲ್ಲಿ ತಪ್ಪಿಲ್ಲ.

ನಿವಾರಣೆಯ ಕ್ರಮ

ವಾಹನವನ್ನು ಚೆನ್ನಾಗಿ ತೊಳೆದು, ಅಂಟಿದ ಕಣಗಳನ್ನು ತೆಗೆದು, ಹಿಂದಿನ ಪಾಲಿಶ್‌ನ ಎಣ್ಣೆಯನ್ನು ಆಲ್ಕೋಹಾಲಿನಿಂದ ಒರೆಸಿದ ಮೇಲೆಯೇ ನಿಜವಾದ ಸ್ಥಿತಿ ತಿಳಿಯುತ್ತದೆ. ಕೆಲವೊಮ್ಮೆ ಮಬ್ಬು ಎಂದುಕೊಂಡದ್ದು ಒಣಗಿದ ಪಾಲಿಶ್‌ನ ಶೇಷವಾಗಿದ್ದು, ಈ ಹಂತದಲ್ಲೇ ಮಾಯವಾಗುತ್ತದೆ. ನಂತರ ಮೀಟರ್‌ನಿಂದ ದಪ್ಪವನ್ನು ಅಳೆಯುತ್ತಾರೆ. ಸಾಮಾನ್ಯ ಮೀಟರ್ ಎಲ್ಲ ಪದರಗಳ ಒಟ್ಟು ದಪ್ಪವನ್ನು ತೋರಿಸುತ್ತದೆಯೇ ಹೊರತು ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂಬುದನ್ನಲ್ಲ. ಒಂದು ಬಾಗಿಲು 120, ಪಕ್ಕದ್ದು 80 ತೋರಿಸಿದರೆ ಎರಡನೆಯದನ್ನು ಮುಟ್ಟುವಾಗ ಎಚ್ಚರ ಬೇಕು. 300 ದಾಟಿದ್ದರೆ ಅಲ್ಲಿ ಹಿಂದೊಮ್ಮೆ ಟಿಂಕರಿಂಗ್ ನಡೆದು ಪುಟ್ಟಿ ಮತ್ತು ಹೊಸ ಬಣ್ಣ ಬಿದ್ದಿರುವ ಸಾಧ್ಯತೆಯೇ ಹೆಚ್ಚು. ದಪ್ಪವಿದೆ ಎಂದು ಧೈರ್ಯವಾಗಿ ಉಜ್ಜುವಂತಿಲ್ಲ.

ಬಳಿಕ ನೆರಳಿನಲ್ಲಿ, ಮೈ ತಣ್ಣಗಿರುವಾಗ, ಸುಮಾರು ಎರಡು ಅಡಿ ಚೌಕದ ಒಂದು ಜಾಗದಲ್ಲಿ ಮಾತ್ರ ಪರೀಕ್ಷೆ ನಡೆಸಬೇಕು. ಅತಿ ಸೌಮ್ಯವಾದ ಜೋಡಿಯಿಂದ, ಅಂದರೆ ಮೃದು ಫೋಮ್ ಪ್ಯಾಡ್ ಮತ್ತು ನಯವಾದ ಪಾಲಿಶ್‌ನಿಂದ, ಆರಂಭಿಸುವುದು ನಿಯಮ. ಹೋಲೋಗ್ರಾಮ್‌ಗಳು ಆಳವಾಗಿರುವುದಿಲ್ಲ, ಡ್ಯುಯಲ್ ಆಕ್ಷನ್ ಯಂತ್ರದಲ್ಲಿ ಇದೇ ಜೋಡಿ ಸಾಮಾನ್ಯವಾಗಿ ಸಾಕಾಗುತ್ತದೆ. ಇಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ಜಾಡು ಕಂಡ ಕೂಡಲೇ ಮತ್ತೊಮ್ಮೆ ಕಾಂಪೌಂಡ್ ಹಾಕಿಸುವುದು. ಜಾಡು ಬಿಟ್ಟದ್ದೇ ಕಾಂಪೌಂಡ್. ಅದನ್ನೇ ಮರಳಿ ಹಚ್ಚಿದರೆ ಪದರ ಸವೆಯುತ್ತದೆ, ಜಾಡು ಹಾಗೆಯೇ ಇರುತ್ತದೆ. ವಾಟರ್ ಪೇಪರಿನ ಗುರುತುಗಳಿಗೆ ಮಾತ್ರ ಮೊದಲು ಕಾಂಪೌಂಡ್ ಬೇಕು, ನಂತರ ನಯವಾದ ಪಾಲಿಶ್. ಡ್ಯುಯಲ್ ಆಕ್ಷನ್ ಮಬ್ಬಿಗೆ ವೇಗ ಮತ್ತು ಒತ್ತಡ ತಗ್ಗಿಸಿ, ಇನ್ನೂ ಮೃದುವಾದ ಪ್ಯಾಡ್ ಬಳಸಿದರೆ ಪರಿಹಾರ ದೊರೆಯುತ್ತದೆ.

ಪ್ಯಾಡ್ ಸವೆದ ಬಣ್ಣದ ಪುಡಿಯಿಂದ ತುಂಬಿದಾಗ ಅದೇ ಹೊಸ ಗೀರು ಮಾಡುತ್ತದೆ. ಪ್ರತಿ ಭಾಗದ ನಂತರ ಪ್ಯಾಡನ್ನು ಬ್ರಷ್ ಮಾಡುವುದು, ಕಾರಿಗೆ ಹಲವು ಪ್ಯಾಡುಗಳನ್ನು ಇಟ್ಟುಕೊಳ್ಳುವುದು ಕಡುಬಣ್ಣದ ಕೆಲಸದಲ್ಲಿ ಆಡಂಬರವಲ್ಲ. ಅಂಚುಗಳಿಗೆ ಟೇಪ್ ಹಚ್ಚಬೇಕು. ಕೈಹಿಂಭಾಗವನ್ನು ಮುಟ್ಟಿಸಿ ಬಿಸಿ ನೋಡುತ್ತಿರಬೇಕು. ಕೊನೆಯಲ್ಲಿ ಒರೆಸುವ ಮೈಕ್ರೋಫೈಬರ್ ಬಟ್ಟೆ ನೆಲಕ್ಕೆ ಬಿದ್ದಿದ್ದರೆ ಅದನ್ನು ಮತ್ತೆ ಬಳಸಬಾರದು. ಇಡೀ ದಿನದ ಕೆಲಸ ಆ ಒಂದು ಒರೆಸುವಿಕೆಯಲ್ಲಿ ಹಾಳಾಗಬಹುದು.

ಸರಿಪಡಿಸಲಾಗದವು

ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ಪೂರ್ತಿ ತೆಗೆಯಲು ಹೋಗಬಾರದು. ಅದರ ಅಂಚನ್ನು ದುಂಡಾಗಿಸಿ ಕಣ್ಣಿಗೆ ಮರೆಮಾಡಿದರೆ ಸಾಕು. ಬಣ್ಣದವರೆಗೆ ಸುಟ್ಟ ಕಲೆಗೆ ಮರುಬಣ್ಣವೊಂದೇ ದಾರಿ. ಮೆಟ್ಯಾಲಿಕ್ ಕಡುಬಣ್ಣಗಳಲ್ಲಿ ಪಕ್ಕದ ಭಾಗದೊಂದಿಗೆ ಛಾಯೆ ಹೊಂದಿಸುವುದು ಕಷ್ಟ. ಕಾರ್ಖಾನೆಯ ಬಣ್ಣ ಹೋದ ಕಾರನ್ನು ಮಾರುವಾಗ ಕೊಳ್ಳುವವರು ಅಪಘಾತವನ್ನು ಶಂಕಿಸಿ ಬೆಲೆ ಇಳಿಸುತ್ತಾರೆ.

ನೀರಿನ ಮಿತಿ

2024ರ ಮಾರ್ಚ್‌ನಲ್ಲಿ, ನೀರಿನ ತೀವ್ರ ಕೊರತೆಯ ನಡುವೆ, ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ಆ ದಿನಗಳಲ್ಲಿ ಒಣಬಟ್ಟೆಯಿಂದ ದೂಳು ಒರೆಸುವುದು ಸುಲಭದ ದಾರಿಯಾಗಿ ಕಂಡರೂ ಕಡುಬಣ್ಣಕ್ಕೆ ಅದಕ್ಕಿಂತ ಕೆಡುಕಿಲ್ಲ. ಬೇಸಿಗೆಯಲ್ಲಿ ದೂಳನ್ನು ಹಾಗೆಯೇ ಬಿಡುವುದು ಮೇಲು. ಅಥವಾ ತೊಳೆಯದೆ ಬಳಸುವ ಜಾರುದ್ರಾವಣವನ್ನು ಒಂದು ಬಕೆಟ್ ನೀರಿಗೆ ಬೆರೆಸಿ, ಏಳೆಂಟು ಮೈಕ್ರೋಫೈಬರ್ ಬಟ್ಟೆಗಳನ್ನು ಅದರಲ್ಲಿ ನೆನೆಸಿ, ಒಂದೊಂದು ಭಾಗಕ್ಕೆ ಒಂದೊಂದರಂತೆ ಬಳಸಿ, ಒರೆಸಿದ ಬಟ್ಟೆಯನ್ನು ಬಕೆಟ್ಟಿಗೆ ಹಿಂದಿರುಗಿಸದೆ ಪಕ್ಕಕ್ಕಿಡಬಹುದು.