ಮಾಚುಪಲ್ಲಿ ಕೈಫಿಯತ್ತಿನ ಸಾಕ್ಷ್ಯವೂ ಕೂಚಿಪೂಡಿಯ ಪ್ರೇಕ್ಷಕರೂ

ವಿಜಯವಾಡದಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ, ಕೃಷ್ಣಾನದಿಯ ಮುಖಜಭೂಮಿಯ ಒಂದು ಅಗ್ರಹಾರದಲ್ಲಿ ಕೂಚಿಪೂಡಿ ನಾಟ್ಯವು ಬೆಳೆದುದು, ಸಿದ್ಧೇಂದ್ರಯೋಗಿಯ ಭಾಮಾಕಲಾಪವು ಅದಕ್ಕೆ ಜೀವನಾಡಿಯಾದುದು, ಗೋಲ್ಕೊಂಡದ ಅಬುಲ್ ಹಸನ್ ತಾನೀಷಾನು (1672–1687) ಆ ಗ್ರಾಮವನ್ನು ಅಲ್ಲಿಯ ಆಟಗಾರರಾದ ಭಾಗವತರಿಗೆ ಉಂಬಳಿಯಾಗಿತ್ತನೆಂಬ ಐತಿಹ್ಯ, ಇವೆಲ್ಲ ಸುಪರಿಚಿತವಾದುವು. ಸಿದ್ಧೇಂದ್ರನ ಕಾಲವೊಂದನ್ನುಳಿದು ಇಲ್ಲಿ ಹೆಚ್ಚಿನ ಚರ್ಚೆಗೆ ಅವಕಾಶವಿಲ್ಲ. ವೇದಾಂತಂ ಲಕ್ಷ್ಮೀನಾರಾಯಣ ಶಾಸ್ತ್ರಿಗಳು ಸ್ತ್ರೀಯರಿಗೂ ಈ ವಿದ್ಯೆಯನ್ನು ಕಲಿಸಿದುದು, ವೆಂಪಟಿ ಚಿನ್ನಸತ್ಯಂ ಅವರು 1963ರಲ್ಲಿ ಮದರಾಸಿನಲ್ಲಿ ಅಕಾಡೆಮಿಯನ್ನು ಸ್ಥಾಪಿಸಿದುದು ಸಹ ಅಷ್ಟೇ ಪ್ರಸಿದ್ಧ. ಆದರೆ ಈ ಸಂಗತಿಗಳ ಮೇಲೆ ಕಟ್ಟಿದ ಒಂದು ನಿರ್ಣಯವನ್ನು, ಎಂದರೆ ಅಗ್ರಹಾರದ ಗುಪ್ತಧನವಾಗಿದ್ದ ಕಲೆಯು ಇಪ್ಪತ್ತನೆಯ ಶತಮಾನದಲ್ಲಿ ಮಾತ್ರವೇ ಜನಸಾಮಾನ್ಯರ ಪಾಲಿಗೆ ಬಂದಿತೆಂಬ ಮಾತನ್ನು, ನಾನು ಒಪ್ಪಲಾರೆ. ವಿದ್ಯೆಯನ್ನು ಕಲಿಸುವುದು ಬೇರೆ, ಅದನ್ನು ಊರಿನೊಡನೆ ಹಂಚಿಕೊಳ್ಳುವುದು ಬೇರೆ; ಮೊದಲನೆಯದು ಕುಟುಂಬಗಳ ಎಲ್ಲೆಯೊಳಗೆ ಉಳಿದಿದ್ದಾಗಲೂ ಎರಡನೆಯದು ಬೀದಿಯಲ್ಲಿ ನಡೆಯುತ್ತಲೇ ಇದ್ದಿತು.

ನನ್ನ ವಾದಕ್ಕೆ ಮುಖ್ಯವಾದ ಆಧಾರವು ಮಾಚುಪಲ್ಲಿ ಕೈಫಿಯತ್ತೆಂಬ ಊರಿನ ವೃತ್ತಾಂತ. ಕಪ್ಪದ ಹಣಕ್ಕಾಗಿ ಹೆಂಗಸರನ್ನು ಚಿತ್ರಹಿಂಸೆಗೆ ಗುರಿಪಡಿಸುತ್ತಿದ್ದ ಸಿದ್ಧವಟದ ಸಮ್ಮೆಟ ಗುರವರಾಜನ ಕ್ರೌರ್ಯವನ್ನು ಕಣ್ಣಾರೆ ಕಂಡ ಕೂಚಿಪೂಡಿಯ ಆಟಗಾರರು ವಿಜಯನಗರಕ್ಕೆ ಹೋಗಿ, ವೀರನರಸಿಂಹರಾಯನ ಸನ್ನಿಧಿಯಲ್ಲಿ ಒಬ್ಬನು ಗುರವರಾಜನಾಗಿಯೂ ಮತ್ತೊಬ್ಬನು ಪೀಡಿತಳಾದ ಸ್ತ್ರೀಯಾಗಿಯೂ ವೇಷ ಕಟ್ಟಿ ಅದನ್ನು ಅಭಿನಯಿಸಿ ತೋರಿಸಲಾಗಿ, ರಾಯನು ದಂಡನ್ನು ಕಳುಹಿಸಿ ಆ ಪಾಳೆಯಗಾರನನ್ನು ಶಿಕ್ಷಿಸಿದನೆಂಬುದು ಅದರ ಸಾರಾಂಶ. ಒಂದು ಪಕ್ಷದವರು ಇದಕ್ಕೆ 1502ರ ಕಾಲವನ್ನು ಕೊಟ್ಟು, ಕೂಚಿಪೂಡಿ ಮೇಳದ ಪ್ರಾಚೀನತೆಗೆ ಇದೇ ಪ್ರಮಾಣವೆಂದು ಸಾರುತ್ತಾರೆ. ಮತ್ತೊಂದು ಪಕ್ಷದವರು ಇದನ್ನು ಕಟ್ಟುಕತೆಯೆಂದು ತಳ್ಳಿಹಾಕುತ್ತಾರೆ.

ಕಾಲನಿರ್ಣಯದ ಮಟ್ಟಿಗೆ ಎರಡನೆಯ ಪಕ್ಷವೇ ಬಲವಾದುದೆಂಬುದನ್ನು ಮೊದಲು ಒಪ್ಪಬೇಕು. ತುಳುವ ವೀರನರಸಿಂಹನು ಪಟ್ಟಕ್ಕೆ ಬಂದುದು 1505ರಲ್ಲಿ. 1502ರಲ್ಲಿ ನಾಮಮಾತ್ರದ ಅರಸು ಸಾಳುವ ಇಮ್ಮಡಿ ನರಸಿಂಹ, ಆಳುತ್ತಿದ್ದವನು ನರಸನಾಯಕ. ಮೇಲಾಗಿ ಕೈಫಿಯತ್ತುಗಳು, ನಮ್ಮ ಶಾನುಭೋಗರಂತೆ ಆ ಸೀಮೆಯಲ್ಲಿದ್ದ ಕರಣಗಳ ಲೆಕ್ಕಪತ್ರಗಳಿಂದಲೂ ಹಿರಿಯರ ಬಾಯಿಮಾತಿನಿಂದಲೂ, 1821ರಲ್ಲಿ ತೀರಿಕೊಂಡ ಕರ್ನಲ್ ಮೆಕೆಂಜಿಯವರ ಸಹಾಯಕರು ಸಂಗ್ರಹಿಸಿದ ಬರೆಹಗಳು. ಘಟನೆಗೂ ಬರೆಹಕ್ಕೂ ನಡುವೆ ಮೂರು ಶತಮಾನಗಳ ಅಂತರವಿದೆ. ಇಷ್ಟನ್ನು ಒಪ್ಪಿದ ಮೇಲೂ ಉಭಯಪಕ್ಷದವರೂ ಗಮನಿಸದ ಒಂದು ವಿಷಯ ಉಳಿಯುತ್ತದೆ. ಈ ಕೈಫಿಯತ್ತು ಕೂಚಿಪೂಡಿಯದಲ್ಲ. ಮಾಚುಪಲ್ಲಿ ಇರುವುದು ಕಡಪ ಸೀಮೆಯಲ್ಲಿ, ಸಿದ್ಧವಟದ ಬಳಿಯಲ್ಲಿ. ಕಷ್ಟವನ್ನುಂಡ ನೆಲ ಅದು. ಭಾಗವತರು ತಮ್ಮ ಹಿರಿಮೆಯನ್ನು ತಾವೇ ಹೇಳಿಕೊಂಡಿದ್ದರೆ ಸಂಶಯಕ್ಕೆ ಎಡೆಯಿರುತ್ತಿತ್ತು. ಆದರೆ ಇಲ್ಲಿ ನೂರಾರು ಮೈಲಿ ದೂರದ ಪ್ರೇಕ್ಷಕರ ಊರು, ತನ್ನ ದುಃಖವನ್ನು ರಾಜಧಾನಿಗೆ ಹೊತ್ತೊಯ್ದವರು ಆಟದವರೆಂದು ನೆನೆಯುತ್ತಿದೆ. ಆದುದರಿಂದ ಇದನ್ನು ನಟರ ಚರಿತ್ರೆಯೆಂದಲ್ಲದೆ ನೋಡಿದವರ ಸ್ಮೃತಿಯೆಂದು ಓದುವುದು ಯುಕ್ತವೆಂದು ನನಗೆ ತೋರುತ್ತದೆ. ಪ್ರಸಂಗವು ನಡೆದಿರಬಹುದು, ನಡೆಯದೆಯೂ ಇರಬಹುದು. ಕೂಚಿಪೂಡಿಯೆಂಬ ಹೆಸರು ಮೂಲದಲ್ಲಿಯೇ ಇದ್ದಿತೋ, ಆ ಮೇಳಗಳು ಪ್ರಖ್ಯಾತವಾದ ಮೇಲೆ ಲಿಪಿಕಾರನಿಂದ ಸೇರಿತೋ ಹೇಳುವಂತಿಲ್ಲ. ಆದರೂ, ಮೆಕೆಂಜಿಯ ಕಾಲದ ವೇಳೆಗಾದರೂ, ಆಟದ ಮೇಳವೆಂದರೆ ಊರಿನ ಅಹವಾಲನ್ನು ಅರಸನವರೆಗೆ ಮುಟ್ಟಿಸಬಲ್ಲದೆಂಬ ನಂಬಿಕೆ ಜನರಲ್ಲಿದ್ದಿತೆಂಬಷ್ಟನ್ನು ಈ ಬರೆಹ ಸಿದ್ಧಪಡಿಸುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ನಾನು ಬಯಸುವುದಿಲ್ಲ.

ಈ ನಂಬಿಕೆಗೆ ರಂಗದ ಕಟ್ಟಿನಲ್ಲಿಯೇ ಬೆಂಬಲವುಂಟು. ಭಾಮಾಕಲಾಪದಲ್ಲಿ ಸತ್ಯಭಾಮೆಯ ಪ್ರವೇಶವನ್ನು ನೋಡಿರಿ: ಇಬ್ಬರು ಹಿಡಿದ ತೆರೆಯ ಹಿಂದೆ ಗೆಜ್ಜೆಯ ದನಿ ಕೇಳುತ್ತದೆ, ಪಂಜಿನ ಬೆಳಕಿನಲ್ಲಿ, ಮುಖವಿನ್ನೂ ಕಾಣದಿರುವಾಗಲೇ, ಒಡವೆಗಳಿಂದ ಅಲಂಕೃತವಾದ ನೀಳವಾದ ಜಡೆಯೊಂದು ತೆರೆಯ ಮೇಲಿನಿಂದ ಸಭೆಯ ಕಡೆಗೆ ಬಂದು ಬೀಳುತ್ತದೆ. ನನ್ನನ್ನು ಮೀರಿಸುವವರು ಯಾರಾದರೂ ಇದ್ದರೆ ಈ ಜಡೆಯನ್ನು ಕತ್ತರಿಸಿರೆಂಬುದು ಅದರ ಅರ್ಥ. ಸೋಲುಗೆಲವುಗಳ ತೀರ್ಪನ್ನು ನೆರೆದವರ ಕೈಗೇ ಕೊಡುವ ಈ ಪಂಥಾಹ್ವಾನವು, ಸಭೆಯಲ್ಲಿ ಬಲ್ಲವರಿದ್ದಾರೆಂಬ ಗೌರವವಿಲ್ಲದೆ ಹುಟ್ಟಲಾರದು. ಸೂತ್ರಧಾರನೇ ಸಖಿ ಮಾಧವಿಯಾಗಿ ಭಾಮೆಯನ್ನು ಕೆಣಕಿ ಮಾತನಾಡಿಸುವಾಗ ಊರಿನ ನುಡಿಯೂ ನಗೆಯೂ ಆಟದೊಳಕ್ಕೆ ಬರುತ್ತವೆ. ಯಕ್ಷಗಾನದ ತೆರೆಯ ಒಡ್ಡೋಲಗವನ್ನೂ ಹಗಲುವೇಷದವರ ಬೀದಿಮಾತನ್ನೂ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಜಯವಾಡದ ತುಮ್ಮಲಪಲ್ಲಿ ಕಲಾಕ್ಷೇತ್ರದಲ್ಲಿಯೂ ವಿಶಾಖಪಟ್ಟಣದ ಕಲಾಭಾರತಿಯಲ್ಲಿಯೂ ಇಂದು ಪ್ರೇಕ್ಷಕರು ಕತ್ತಲಲ್ಲಿ ಕುಳಿತಿರುತ್ತಾರೆ. ಜಡೆಯ ಪಂಥವನ್ನು ಸ್ವೀಕರಿಸಬೇಕಾದವರ ಮುಖ ನರ್ತಕಿಗೆ ಕಾಣುವುದಿಲ್ಲ. 2016ರ ಡಿಸೆಂಬರಿನಲ್ಲಿ ವಿಜಯವಾಡದಲ್ಲಿ 6,000ಕ್ಕೂ ಮಿಕ್ಕ ಕಲಾವಿದರು ಒಟ್ಟಾಗಿ ನರ್ತಿಸಿದರು. ಈ ವಿದ್ಯೆಯ ವ್ಯಾಪ್ತಿ ಎಷ್ಟು ಹಿರಿದಾಗಿದೆಯೆಂಬುದಕ್ಕೆ ಅದು ಸಂತೋಷಪಡತಕ್ಕ ನಿದರ್ಶನವೇ ಸರಿ. ಆದರೆ ಮಾಚುಪಲ್ಲಿಯವರು ನೆನಪಿಟ್ಟುಕೊಂಡ ಸಂಬಂಧವನ್ನು ಕಲಾವಿದರ ಸಂಖ್ಯೆಯಿಂದ ಅಳೆಯುವಂತಿಲ್ಲ.

ಒಂದು ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯಲಿಲ್ಲ. ಕೈಫಿಯತ್ತಿನಲ್ಲಿ ಹೆಂಗಸರ ನೋವನ್ನು ನುಡಿದವರು ಸ್ತ್ರೀವೇಷದ ಪುರುಷರು. ಗೋದಾವರೀ ಸೀಮೆಯಲ್ಲಿಯಾದರೋ ದೇವದಾಸೀ ಸಂಪ್ರದಾಯದ ಕಲಾವಂತುಲ ಸ್ತ್ರೀಯರು ತಾವೇ ಭಾಮಾಕಲಾಪವನ್ನು ಆಡುತ್ತಿದ್ದರು. ಮದರಾಸು ಪ್ರಾಂತದ 1947ರ ದೇವದಾಸೀ ನಿಷೇಧದ ಕಾನೂನು ಬರುವುದಕ್ಕೆ ಮುಂಚೆ ಅವರ ಆಟವನ್ನು ಕಂಡ ಊರುಗಳು ಏನನ್ನು ನೆನಪಿಟ್ಟುಕೊಂಡವೆಂಬುದನ್ನು ತಿಳಿಯಲು ಕರಾವಳಿಯ ಕೈಫಿಯತ್ತುಗಳನ್ನು, ಆಟದವರ ಉಲ್ಲೇಖಗಳಿಗಾಗಿಯೇ, ಆಮೂಲಾಗ್ರವಾಗಿ ಮತ್ತೊಮ್ಮೆ ಓದಬೇಕಾಗಿದೆ.